ಕಾರ್ಖಾನೆ ಬೂದಿ ಪುಕ್ಕಟೆ ಕೊಡುತ್ತಾರಂತೆ, ಹೊಲದ ತಗ್ಗಿಗೆ ತುಂಬಿಸಬಹುದಾ? (ಕೊಪ್ಪಳ)

ಮಸಾರಿ ಹೊಲ
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ತಾಲೂಕು, ಗಿಣಿಗೇರಿ ಕಡೆ. ಹೊಲದ ಮೂಲೆಯಲ್ಲಿ ದೊಡ್ಡ ತಗ್ಗು ಇದೆ. ಹಿಂದೆ ಇಟ್ಟಂಗಿ ಭಟ್ಟಿಯವರಿಗೆ ಮಣ್ಣು ಮಾರಿದ್ದರ ಫಲ. ಮಳೆ ಬಂದರೆ ನೀರು ನಿಂತು ಸುತ್ತಲಿನ ಬೆಳೆ ಕೊಳೆಯುತ್ತದೆ. ಈಗ ಒಬ್ಬ ಟಿಪ್ಪರ್ ಗುತ್ತಿಗೆದಾರ ಬಂದು, "ಕಾರ್ಖಾನೆ ಬೂದಿ ತಂದು ತುಂಬಿಸಿ ಕೊಡ್ತೀವಿ, ಒಂದು ಪೈಸೆ ಬೇಡ, ಮೇಲೆ ಕೆಂಪು ಮಣ್ಣೂ ಹಾಸಿ ಕೊಡ್ತೀವಿ" ಎನ್ನುತ್ತಿದ್ದಾನೆ. ಅಪ್ಪನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಅನುಮಾನ.

ಸ್ವಲ್ಪ ಸ್ಯಾಂಪಲ್ ತರಿಸಿಕೊಂಡೆ. ಕಪ್ಪಗಿದೆ, ಹಗುರ ಇದೆ, ಮುಟ್ಟಿದರೆ ಕೈಯೆಲ್ಲ ಮಸಿ. ನಡುನಡುವೆ ಬೂದು ಬಣ್ಣದ ಹರಳು. ಅಯಸ್ಕಾಂತ ಹಿಡಿದರೆ ಸ್ವಲ್ಪ ಅಂಟುತ್ತದೆ. ಇದು ಏನು? ಹಾಕಿಸಿದರೆ ಬೋರ್‌ವೆಲ್ ನೀರಿಗೆ ತೊಂದರೆ ಆಗುತ್ತದಾ? ಗೊತ್ತಿರುವವರು ಹೇಳಿ.

ಗಿಣಿಗೇರಿ ಕ್ರಾಸ್
ಬೇಡ. ಪುಕ್ಕಟೆ ಅಂದಾಗಲೇ ಅರ್ಥ ಆಗಬೇಕಿತ್ತು.

ಕುಡಿತಿನಿ ಎಕ್ಸ್‌ಪ್ರೆಸ್
ನಮ್ಮ ಕಡೆ ಎಷ್ಟೋ ಜನ ಹಾಕಿಸಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ. ತಗ್ಗು ತುಂಬಿಸುವ ಗರಸು ಮಣ್ಣು, ಅದೇ ಮರಂ, ಒಂದು ಟಿಪ್ಪರ್ ರೇಟು ಎಷ್ಟಾಗಿದೆ ಗೊತ್ತಾ?

ಶಿಫ್ಟ್ ಇಂಜಿನಿಯರ್
ನೀವು ಹೇಳಿದ ಲಕ್ಷಣ ನೋಡಿದರೆ ಅದು ಸ್ಪಾಂಜ್ ಐರನ್ ಕಾರ್ಖಾನೆಯ ಚಾರ್. ಡೋಲೋಚಾರ್ ಅಂತಲೂ ಕರೆಯುತ್ತಾರೆ. ಕಬ್ಬಿಣದ ಅದಿರು, ಕಲ್ಲಿದ್ದಲು, ಸ್ವಲ್ಪ ಡೋಲೊಮೈಟ್ ಸೇರಿಸಿ ತಿರುಗುವ ಕಿಲ್ನ್‌ಗೆ (ಉದ್ದ ಕುಲುಮೆಗೆ) ಹಾಕುತ್ತೇವೆ. ಒಳಗೆ ಸುಮಾರು 1000 ಡಿಗ್ರಿ ಶಾಖ. ಅದಿರು ಕರಗುವುದಿಲ್ಲ. ಅದರಲ್ಲಿರುವ ಆಕ್ಸಿಜನ್ ಹೋಗಿ ತೂತು ತೂತಾದ ಕಬ್ಬಿಣ ಉಳಿಯುತ್ತದೆ. ತಣ್ಣಗಾದ ಮೇಲೆ ಅಯಸ್ಕಾಂತದ ಡ್ರಮ್ ಮೇಲೆ ಹಾಯಿಸುತ್ತಾರೆ. ಅಂಟಿದ್ದು ಮಾಲು, ಅಂಟದೆ ಬಿದ್ದದ್ದು ಚಾರ್. ನಿಮ್ಮ ಸ್ಯಾಂಪಲ್ ಅಂಟುತ್ತಿದೆ ಅಂದರೆ ಬೇರ್ಪಡಿಸುವಾಗ ಕಬ್ಬಿಣದ ಪುಡಿ ಉಳಿದಿದೆ, ಇಲ್ಲವೇ ಬೇರೆ ಧೂಳು ಬೆರೆಸಿದ್ದಾರೆ.

ಚಾರ್‌ನಲ್ಲಿ ಸುಡದೆ ಉಳಿದ ಇಂಗಾಲ ಇರುತ್ತದೆ. ಹಾಗಾಗಿ ಬಾಯ್ಲರ್ ಇರುವ ಕಾರ್ಖಾನೆಗೆ ಇದು ಕಸವೇ ಅಲ್ಲ. ಕಲ್ಲಿದ್ದಲಿನ ಜೊತೆ ಬೆರೆಸಿ ಫ್ಲೂಯಿಡೈಸ್ಡ್ ಬೆಡ್ ಬಾಯ್ಲರ್‌ನಲ್ಲಿ ಉರಿಸಿ ಕರೆಂಟ್ ಮಾಡುತ್ತಾರೆ. ತೊಂದರೆ ಇರುವುದು ಸಣ್ಣ ಕಾರ್ಖಾನೆಗಳಲ್ಲಿ. ಅವರ ಹತ್ತಿರ ಬಾಯ್ಲರ್ ಇಲ್ಲ, ಕೊಳ್ಳುವವರು ಸಿಗದಿದ್ದರೆ ಅಂಗಳದಲ್ಲಿ ಗುಡ್ಡ ಆಗುತ್ತದೆ. ಆಗ ಟಿಪ್ಪರ್‌ನವನಿಗೆ ದುಡ್ಡು ಕೊಟ್ಟು "ಎಲ್ಲಾದರೂ ಹಾಕಿ ಬಾ" ಅನ್ನುತ್ತಾರೆ. ನಿಮಗೆ ಪುಕ್ಕಟೆ, ಅವನಿಗೆ ಪುಕ್ಕಟೆ ಅಲ್ಲ.

ಗಿಣಿಗೇರಿ ಕ್ರಾಸ್
ಕೊನೆಯ ಸಾಲು ನೂರಕ್ಕೆ ನೂರು ನಿಜ. ಆ ಗುತ್ತಿಗೆದಾರನಿಗೆ ಟ್ರಿಪ್‌ಗೆ ಎಷ್ಟು ಸಿಗುತ್ತದೆ ಅಂತ ನಿಮ್ಮ ಅಪ್ಪನ ಎದುರಿಗೇ ಕೇಳಿ ನೋಡಿ.

ಆರ್‌ಟಿಐ ಕಾಕಾ
ತಮ್ಮಾ, ಇದಕ್ಕೆ ನಿಯಮದಲ್ಲೇ ಉತ್ತರ ಇದೆ. 2008ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ಪಾಂಜ್ ಐರನ್ ಕಾರ್ಖಾನೆಗಳಿಗೆಂದೇ ಮಾನದಂಡ ಹೊರಡಿಸಿತು. ಚಾರ್ ಅನ್ನು ವಿದ್ಯುತ್ ಮಾಡಲು ಬಳಸಬೇಕು, ಇಲ್ಲವೇ ಕಲ್ಲಿದ್ದಲು ಪುಡಿ ಜೊತೆ ಉಂಡೆ ಕಟ್ಟಿ ಇಟ್ಟಂಗಿ ಭಟ್ಟಿಗೆ ಕೊಡಬಹುದು. ಯಾವ ಕಾರಣಕ್ಕೂ ಹೊಲಗದ್ದೆಗೆ ಸುರಿಯಬಾರದು. ದಿನಕ್ಕೆ ಎಷ್ಟು ಚಾರ್ ಬಂತು, ಎಲ್ಲಿಗೆ ಹೋಯಿತು ಅಂತ ಲಾಗ್‌ಬುಕ್ ಬರೆಯಬೇಕು, ತಪಾಸಣೆಗೆ ಬಂದವರಿಗೆ ತೋರಿಸಬೇಕು. ದಿನಕ್ಕೆ 200 ಟನ್ ಮೇಲಿನ ಕಾರ್ಖಾನೆ ಸ್ವಂತ ವಿದ್ಯುತ್ ಘಟಕ ಮಾಡಿದರೂ ಗಿಟ್ಟುತ್ತದೆ, ಸಣ್ಣವರು ನಾಲ್ಕೈದು ಜನ ಸೇರಿ ಒಂದು ಮಾಡಿಕೊಳ್ಳಲಿ ಅಂತಲೂ ಹೇಳಿದ್ದಾರೆ.

ಹಾಗಾಗಿ "ಹಾಕಿಸಬಹುದಾ" ಅನ್ನುವ ಪ್ರಶ್ನೆಯೇ ಇಲ್ಲ. ನಾಳೆ ಯಾರಾದರೂ ದೂರು ಕೊಟ್ಟರೆ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ಹೊಲ ಇರುವುದು ನಿಮ್ಮ ಹೆಸರಲ್ಲಿ. ಪಹಣಿ ಹಿಡಿದು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ.

ಕುಡಿತಿನಿ ಎಕ್ಸ್‌ಪ್ರೆಸ್
ಹಂಗಾದರೆ ರಸ್ತೆಗೆ ಹಾಕುತ್ತಾರಲ್ಲ ಕಾಕಾ, ಅದು?

ಶಿಫ್ಟ್ ಇಂಜಿನಿಯರ್
ರಸ್ತೆಗೆ ಹಾಕುವುದು ಬೇರೆ ಮಾಲು. ಕಿಲ್ನ್ ಒಳಗೋಡೆಗೆ ಕಟ್ಟಿಕೊಳ್ಳುವ ಗಟ್ಟಿ ಹೆಂಟೆ ಇರುತ್ತದೆ, ಅಕ್ರೀಷನ್ ಅಂತಾರೆ. ಅದು ಕಲ್ಲಿನ ಹಾಗೆ, ರಸ್ತೆ ತಳಕ್ಕೆ ನಡೆಯುತ್ತದೆ. ಉಕ್ಕು ಕರಗಿಸುವಾಗ ಬೇರೆಯಾಗುವ ಕಿಟ್ಟ, ಅಂದರೆ ಸ್ಲ್ಯಾಗ್ ಕೂಡ ಹಾಕುತ್ತಾರೆ, ಆದರೆ ಅದನ್ನು ಮೊದಲು ಬಿಸಿಲು ಮಳೆಗೆ ಬಿಟ್ಟು ಹಣ್ಣು ಮಾಡಬೇಕು. ಅದರಲ್ಲಿ ಉಳಿದ ಸುಣ್ಣ ನೀರು ಕುಡಿದು ಉಬ್ಬುತ್ತದೆ, ಹಸಿ ಸ್ಲ್ಯಾಗ್ ಹಾಕಿದರೆ ರಸ್ತೆಯೇ ಎದ್ದು ಕೂರುತ್ತದೆ. ಬ್ಲಾಸ್ಟ್ ಫರ್ನೇಸ್ ಸ್ಲ್ಯಾಗ್ ಅಂತೂ ಸಿಮೆಂಟ್‌ನವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಎಲ್ಲ ಕಪ್ಪು ಮಾಲನ್ನೂ "ಬೂದಿ" ಅಂತ ಒಂದೇ ಹೆಸರಲ್ಲಿ ಕರೆದರೆ ಈ ಗೊಂದಲ ಮುಗಿಯುವುದಿಲ್ಲ.

ಕೆಮಿಸ್ಟ್ರಿ ಮೇಡಂ, ರಾಯಚೂರು
ಹೊಲದಲ್ಲಿ ಹಾಕಿದರೆ ಏನಾಗುತ್ತದೆ ಅಂತ ಕೇಳಿದಿರಿ. ಮೊದಲನೆಯದು ಬೆಂಕಿ. ಇಂಗಾಲ ಮತ್ತು ಕಬ್ಬಿಣದ ಪುಡಿ ಇರುವ ರಾಶಿ ಗಾಳಿ, ತೇವ ಸಿಕ್ಕರೆ ಒಳಗೇ ಕಾಯುತ್ತದೆ. ಮೇಲೆ ಮಣ್ಣು ಮುಚ್ಚಿದ್ದರೂ ಒಳಗೆ ಹೊಗೆಯಾಡುತ್ತದೆ. ದನ ಕಾಲಿಟ್ಟರೆ ಕುಸಿಯುತ್ತದೆ. ಎರಡನೆಯದು ಸುಣ್ಣ. ಡೋಲೊಮೈಟ್ ಸುಟ್ಟ ಉಳಿಕೆ ನೀರಿಗೆ ಕ್ಷಾರ ಬಿಡುತ್ತದೆ. ನಿಮ್ಮದು ಮಸಾರಿ ಅಂದರೆ ಸ್ವಲ್ಪ ತಡೆದುಕೊಳ್ಳಬಹುದು. ಎರೆ ಭೂಮಿ ಆಗಿದ್ದರೆ ಅದು ಮೊದಲೇ ಕ್ಷಾರ, ಇನ್ನೂ ಹಾಳು. ಮೂರನೆಯದು ಭಾರ ಲೋಹ. ಅದು ಯಾವ ಕಲ್ಲಿದ್ದಲು, ಯಾವ ಅದಿರು, ಅದರ ಜೊತೆ ಇನ್ನೇನು ಬೆರೆಸಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

ಮಿರ್ಚಿ ಒಗ್ಗರಣೆ
ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಟ್ಟು ಟೆಸ್ಟ್ ಮಾಡಿಸಿ. ಸಾಯಿಲ್ ಹೆಲ್ತ್ ಕಾರ್ಡ್ ಕೊಡುತ್ತಾರೆ, ಅದರಲ್ಲಿ ಎಲ್ಲ ಬರುತ್ತದೆ.

ಕೆಮಿಸ್ಟ್ರಿ ಮೇಡಂ, ರಾಯಚೂರು
ಎಲ್ಲ ಬರುವುದಿಲ್ಲ ಸರ್. ಆ ಕಾರ್ಡ್‌ನಲ್ಲಿ 12 ಅಂಶ ಮಾತ್ರ: ಪಿಎಚ್, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೀಸ, ಆರ್ಸೆನಿಕ್, ಕ್ರೋಮಿಯಂ, ಕ್ಯಾಡ್ಮಿಯಂ ಇಲ್ಲ. ಅದು ಗೊಬ್ಬರ ಎಷ್ಟು ಹಾಕಬೇಕು ಅಂತ ಹೇಳುವ ಕಾರ್ಡ್, ವಿಷ ಹುಡುಕುವ ಕಾರ್ಡ್ ಅಲ್ಲ.

ಇಂಥ ಮಾಲಿಗೆ ಮಾಡಿಸಬೇಕಾದ್ದು ಟಿಸಿಎಲ್‌ಪಿ ಅನ್ನುವ ಪರೀಕ್ಷೆ. ಸ್ಯಾಂಪಲ್ ಅನ್ನು ಸೌಮ್ಯವಾದ ಆಮ್ಲದಲ್ಲಿ ಗಂಟೆಗಟ್ಟಲೆ ಕುಲುಕಿ, ಎಷ್ಟು ಲೋಹ ನೀರಿಗೆ ಬಿಟ್ಟುಕೊಂಡಿತು ಅಂತ ಅಳೆಯುತ್ತಾರೆ. ಲೀಟರಿಗೆ ಸೀಸ 5 ಮಿಲಿಗ್ರಾಂ, ಆರ್ಸೆನಿಕ್ 5, ಕ್ಯಾಡ್ಮಿಯಂ 1, ಪಾದರಸ 0.2 ಮುಟ್ಟಿದರೆ ಅದು ಅಪಾಯಕಾರಿ ತ್ಯಾಜ್ಯ. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇರುವ ಲ್ಯಾಬ್‌ನಲ್ಲೇ ಮಾಡಿಸಬೇಕು. ಪಾಸಾದರೆ ಹೊಲಕ್ಕೆ ಒಳ್ಳೆಯದು ಅಂತ ಅರ್ಥ ಅಲ್ಲ, ಆ ಪಟ್ಟಿಯಲ್ಲಿ ಬರುವುದಿಲ್ಲ ಅಂತ ಅಷ್ಟೇ.

ಬೆಂಗಳೂರಲ್ಲಿ ಬಳ್ಳಾರಿ
ಎಲ್ಲ ಮುಚ್ಚಿಸಬೇಕು ಈ ಕಾರ್ಖಾನೆಗಳನ್ನ. ಊರಿಗೆ ಬಂದರೆ ಹತ್ತಿ ಗಿಡ ಬೆಳ್ಳಗಿಲ್ಲ, ಕರ್ರಗಿದೆ. 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಬಂದ್ ಮಾಡಿ ಬೀದಿಗಿಳಿದಿದ್ದು ಸುಮ್ಮನೆ ಅಲ್ಲ.

ಶಿಫ್ಟ್ ಇಂಜಿನಿಯರ್
ಮುಚ್ಚಿಸಿ, ನನ್ನಂಥವರು ಎಲ್ಲಿಗೆ ಹೋಗಬೇಕು ಅಂತಲೂ ಹೇಳಿ. ಬೆಂಗಳೂರಿಗಾ? ನೀವು ಓಡಾಡುವ ಮೆಟ್ರೊ ಕಂಬದ ಸರಳು ಆಕಾಶದಿಂದ ಬಿದ್ದದ್ದಲ್ಲ. ಸರಿಯಾಗಿ ನಡೆಸಿ ಅಂತ ಕೇಳಿ, ನಾನೂ ನಿಮ್ಮ ಜೊತೆ ಬರುತ್ತೇನೆ.

ಗಿಣಿಗೇರಿ ಕ್ರಾಸ್
ಸರಿಯಾಗಿ ನಡೆಸುವುದು ಅಂದರೆ ಹಗಲು ಮಾತ್ರವಾ ಇಂಜಿನಿಯರ್ ಸಾಹೇಬ್ರೇ? ಸಂಜೆವರೆಗೆ ಚಿಮಣಿ ಬಿಳಿ ಹೊಗೆ. ರಾತ್ರಿ ಊಟ ಮುಗಿಸಿ ಮಾಳಿಗೆ ಮೇಲೆ ಮಲಗಿದರೆ ಬೆಳಿಗ್ಗೆ ಹೊದಿಕೆ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಧೂಳು ಹಿಡಿಯುವ ಇಎಸ್‌ಪಿಗೆ ಕರೆಂಟ್ ಖರ್ಚು ಆಗುತ್ತದೆ ಅಂತ ರಾತ್ರಿ ಬಂದ್ ಮಾಡುತ್ತಾರೆ ಅನ್ನುವುದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಮ್ಮ ಪಕ್ಕದಲ್ಲಿರುವುದು

ಅಡ್ಮಿನ್
@ಗಿಣಿಗೇರಿ ಕ್ರಾಸ್, ಕಾರ್ಖಾನೆ ಹೆಸರು ಇದ್ದ ಸಾಲು ತೆಗೆದಿದ್ದೇನೆ. ದೂರು ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ಇಲ್ಲಿ ಹೆಸರು ಬೇಡ.

ಗಿಣಿಗೇರಿ ಕ್ರಾಸ್
ಆಯ್ತಪ್ಪಾ.

ಆರ್‌ಟಿಐ ಕಾಕಾ
ರಾತ್ರಿ ಬಂದ್ ಮಾಡುವುದನ್ನು ಹಿಡಿಯಲು ದಾರಿ ಇದೆ. ಮಾಲಿನ್ಯ ತಡೆಯುವ ಯಂತ್ರಗಳಿಗೆ ಬೇರೆ ಕರೆಂಟ್ ಮೀಟರ್ ಇರಬೇಕು, ಅದರ ಲೆಕ್ಕ ನಿರಂತರ ದಾಖಲಾಗಬೇಕು, ಯಂತ್ರ ನಿಂತರೆ ಲಾಗ್‌ಬುಕ್‌ನಲ್ಲಿ ಬರೆಯಬೇಕು ಅಂತ ನಿಯಮ. "ಹೊಗೆ ಬರುತ್ತಿದೆ" ಅಂತ ದೂರು ಕೊಟ್ಟರೆ ಅಧಿಕಾರಿ ಹಗಲು ಬಂದು ನೋಡಿ ಹೋಗುತ್ತಾರೆ. "ಇಎಸ್‌ಪಿ ಮೀಟರ್‌ನ ಕಳೆದ ಆರು ತಿಂಗಳ ಲೆಕ್ಕದ ಪ್ರತಿ ಕೊಡಿ" ಅಂತ ಕೇಳಿದರೆ ಕುರ್ಚಿಯಲ್ಲಿ ಸರಿಯಾಗಿ ಕೂರುತ್ತಾರೆ. ಉತ್ಪಾದನೆ ಅಷ್ಟೇ ಇದ್ದು ಯೂನಿಟ್ ಕಮ್ಮಿ ಇದ್ದರೆ ಕಥೆ ತಾನೇ ಹೊರಗೆ ಬರುತ್ತದೆ.

ಶಿಫ್ಟ್ ಇಂಜಿನಿಯರ್
ಇದು ಸರಿಯಾದ ಪ್ರಶ್ನೆ ಕಾಕಾ. ಕಿಲ್ನ್ ಹೊಗೆ ಎಳೆದು ಚಿಮಣಿಗೆ ಕಳಿಸುವ ಐಡಿ ಫ್ಯಾನ್‌ನ ಆಂಪಿಯರ್ ದಾಖಲೆಯನ್ನೂ ಕೇಳಿ. ಎರಡನ್ನೂ ಒಟ್ಟಿಗೆ ತಿದ್ದುವುದು ಕಷ್ಟ.

ಲಿಂಗಸುಗೂರು ಲಾರಿ
ನೀವು ಬೂದಿಗೆ ಇಷ್ಟು ಬಡಿದಾಡುತ್ತೀರಿ. ನಮ್ಮ ಹಟ್ಟಿ ಚಿನ್ನದ ಗಣಿ ಕಡೆ ಸೈನೈಡ್ ಮಣ್ಣಿನ ಗುಡ್ಡವೇ ಇದೆ. ಅದರ ಗಾಳಿ ಕುಡಿದರೆ ಸಾಯುತ್ತಾರೆ ಅಂತಾರೆ, ನಿಜವಾ?

ಹಟ್ಟಿ ಮಂದಿ
ಯಪ್ಪಾ, ಗುಡ್ಡದ ಗಾಳಿ ಕುಡಿದು ಸಾಯುವಂತಿದ್ದರೆ ಹಟ್ಟಿಯಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ನಮ್ಮ ಮನೆಯವರು ಗಣಿಯ ಕಲ್ಲು ಅರೆಯುವ ಮಿಲ್‌ನಲ್ಲಿ ಕೆಲಸ ಮಾಡಿದವರು, ಕೇಳಿ ಬರೆಯುತ್ತಿದ್ದೇನೆ.

ಕಲ್ಲು ನುಣ್ಣಗೆ ಅರೆದು, ಸುಣ್ಣ ಹಾಕಿ, ತೆಳುವಾದ ಸೈನೈಡ್ ದ್ರಾವಣದಲ್ಲಿ ಗಾಳಿ ಊದುತ್ತಾ ಕಲಕುತ್ತಾರೆ. ಚಿನ್ನ ಕರಗುತ್ತದೆ. ಕರಗಿದ ಚಿನ್ನವನ್ನು ಇದ್ದಿಲು ಹೀರಿಕೊಳ್ಳುತ್ತದೆ. ಒಂದು ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ, ಉಳಿದದ್ದೆಲ್ಲ ಕೆಸರು. ಅದೇ ಟೇಲಿಂಗ್ಸ್. ಸುಣ್ಣ ಯಾಕೆ ಅಂದರೆ ಪಿಎಚ್ 10ಕ್ಕಿಂತ ಮೇಲೆ ಇದ್ದರೆ ಸೈನೈಡ್ ನೀರಲ್ಲೇ ಇರುತ್ತದೆ. 9ರ ಹತ್ತಿರ ಇಳಿದರೆ ಅರ್ಧದಷ್ಟು ಹೈಡ್ರೋಜನ್ ಸೈನೈಡ್ ಅನಿಲ ಆಗುತ್ತದೆ. ಕೊಲ್ಲುವುದು ಅದು. ಮಿಲ್ ಒಳಗೆ ಆಮ್ಲ ಮತ್ತು ಸೈನೈಡ್ ಒಂದೇ ಗೋದಾಮಿನಲ್ಲಿ ಇಡುವುದಿಲ್ಲ.

ಹೊರಗಿನ ಕೆಸರಿನಲ್ಲಿ ಉಳಿದ ಸೈನೈಡ್ ಬಿಸಿಲಿಗೆ, ಗಾಳಿಗೆ ಒಡೆದು ಹೋಗುತ್ತದೆ. ನಮ್ಮ ಬಿಸಿಲು ಗೊತ್ತಲ್ಲ.

ಕೆಮಿಸ್ಟ್ರಿ ಮೇಡಂ, ರಾಯಚೂರು
ಹಟ್ಟಿಯವರು ಹೇಳಿದ್ದು ಸರಿ. ಆದರೆ ಬಿಸಿಲು ಎಲ್ಲವನ್ನೂ ಒಡೆಯುವುದಿಲ್ಲ. ಕಬ್ಬಿಣಕ್ಕೆ ಅಂಟಿಕೊಂಡ ಸೈನೈಡ್ ಗಟ್ಟಿ, ವರ್ಷಗಟ್ಟಲೆ ಇರುತ್ತದೆ. ಹಳೆಯ ಗುಡ್ಡದಲ್ಲಿ ಸೈನೈಡ್‌ಗಿಂತ ಜಾಸ್ತಿ ನೋಡಬೇಕಾದ್ದು ಆರ್ಸೆನಿಕ್. ಚಿನ್ನದ ಅದಿರಿನಲ್ಲಿ ಆರ್ಸೆನೊಪೈರೈಟ್ ಅನ್ನುವ ಖನಿಜ ಸಾಮಾನ್ಯ. ಕಲ್ಲಾಗಿದ್ದಾಗ ಸುಮ್ಮನೆ ಇರುತ್ತದೆ. ಹಿಟ್ಟು ಮಾಡಿ ಗಾಳಿ ಮಳೆಗೆ ಬಿಟ್ಟರೆ ನಿಧಾನಕ್ಕೆ ಬಿಟ್ಟುಕೊಳ್ಳುತ್ತದೆ. ಸೈನೈಡ್ ಒಡೆಯುತ್ತದೆ, ಆರ್ಸೆನಿಕ್ ಒಡೆಯುವುದಿಲ್ಲ, ಅದು ಮೂಲಧಾತು.

ಮಿರ್ಚಿ ಒಗ್ಗರಣೆ
ಸೈನೈಡ್ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಮುಗಿಯಿತು ಅಂತ ನಮ್ಮ ಡಿಪ್ಲೊಮಾದಲ್ಲಿ ಹೇಳಿಕೊಟ್ಟಿದ್ದರು.

ಕೆಮಿಸ್ಟ್ರಿ ಮೇಡಂ, ರಾಯಚೂರು
ಅದೂ ಒಂದು ವಿಧಾನ, ಹಳೆಯದು. ಆದರೆ ಪಿಎಚ್ 10ರ ಮೇಲೆ ಇಟ್ಟುಕೊಂಡೇ ಮಾಡಬೇಕು. ಇಳಿದರೆ ಸಯನೋಜನ್ ಕ್ಲೋರೈಡ್ ಅನ್ನುವ ಇನ್ನೊಂದು ವಿಷದ ಅನಿಲ ಏಳುತ್ತದೆ. ಕಬ್ಬಿಣದ ಸೈನೈಡ್ ಮೇಲೆ ಇದರ ಆಟ ನಡೆಯುವುದಿಲ್ಲ. ಜೊತೆಗೆ ಕೆಸರಿನಲ್ಲಿರುವ ಥಯೋಸಯನೇಟ್ (ಸೈನೈಡ್ ಗಂಧಕದ ಜೊತೆ ಸೇರಿ ಆದದ್ದು) ಅರ್ಧ ಕ್ಲೋರಿನ್ ತಿಂದು ಬಿಡುತ್ತದೆ, ಖರ್ಚು ಏರುತ್ತದೆ.

ಈಗ ಚಿನ್ನದ ಗಣಿಗಳಲ್ಲಿ ಜಾಸ್ತಿ ಬಳಸುವುದು ಸಲ್ಫರ್ ಡೈಆಕ್ಸೈಡ್ ಮತ್ತು ಗಾಳಿ. ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಚೂರು ತಾಮ್ರ ಬೆರೆಸಿ, ಗಾಳಿ ಊದುತ್ತಾರೆ. ಸೈನೈಡ್ ಸಯನೇಟ್ ಆಗುತ್ತದೆ, ಅದು ಮುಂದೆ ಅಮೋನಿಯ ಆಗಿ ಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ವಿಧಾನವೂ ಇದೆ, ದುಬಾರಿ. ನಮ್ಮಲ್ಲಿ ಹಳ್ಳಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಸೈನೈಡ್ ದಾಟಬಾರದು. ಕುಡಿಯುವ ನೀರಿಗೆ 0.05.

ಆರ್ಸೆನಿಕ್‌ಗೆ ಬರೀ ಸುಣ್ಣ ಹಾಕಿ ಕೂಡಿಸುವವರಿದ್ದಾರೆ. ಆ ಕ್ಯಾಲ್ಸಿಯಂ ಆರ್ಸೆನೇಟ್ ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಮತ್ತೆ ಕರಗುತ್ತದೆ. ಫೆರಿಕ್ ಉಪ್ಪು, ಅಂದರೆ ಕಬ್ಬಿಣದ ಉಪ್ಪು ಜಾಸ್ತಿ ಹಾಕಿ ಕಬ್ಬಿಣಕ್ಕೆ ಕಟ್ಟಿದರೆ ಮಾತ್ರ ನಿಲ್ಲುತ್ತದೆ.

ಬೆಂಗಳೂರಲ್ಲಿ ಬಳ್ಳಾರಿ
2000ದಲ್ಲಿ ರೊಮೇನಿಯಾದ ಬಾಯಾ ಮಾರೆಯಲ್ಲಿ ಚಿನ್ನದ ಟೇಲಿಂಗ್ಸ್ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ಟಿಸಾ ನದಿ ಸೇರಿತ್ತು. ಹಂಗೇರಿ ದಾಟಿ ಡಾನ್ಯೂಬ್‌ವರೆಗೂ ಮೀನು ಸತ್ತವು. ಬಿಸಿಲು ಒಡೆಯುತ್ತದೆ ಅಂತ ನಂಬಿ ಕೂರಬೇಡಿ.

ಹಟ್ಟಿ ಮಂದಿ
ಅದು ಜನವರಿಯ ಚಳಿಯಲ್ಲಿ ಆದದ್ದು, ಹಿಮ ಕರಗಿ ಮಳೆ ಸೇರಿ ಕಟ್ಟೆ ತುಂಬಿತ್ತು. ಲಿಂಗಸುಗೂರಿನಲ್ಲಿ ಹಿಮ ಬಿದ್ದ ದಿನ ಹೇಳಿ, ನಾನೂ ನೋಡಲು ಬರುತ್ತೇನೆ. ಆದರೆ ಕಟ್ಟೆ ವಿಷಯ ಒಪ್ಪಿದೆ. ಎಲ್ಲಕ್ಕಿಂತ ಮೊದಲು ಅದನ್ನೇ ನೋಡಬೇಕು.

ಸಂಡೂರು ಸುತ್ತಾಟ
ಕಟ್ಟೆ ಅಂದರೆ ಕಬ್ಬಿಣದ್ದೂ ಸೇರಿಸಿ. 2019ರ ಜನವರಿ 25, ಬ್ರೆಜಿಲ್‌ನ ಬ್ರುಮಾಡಿನೊ. ಕಬ್ಬಿಣದ ಅದಿರು ತೊಳೆದ ಕೆಸರಿನ ಕಟ್ಟೆ ನಿಂತ ನಿಲುವಿನಲ್ಲಿ ಕುಸಿದು 270 ಜನ ಹೋದರು, ಹೆಚ್ಚಿನವರು ಅದೇ ಗಣಿಯ ಕೆಲಸಗಾರರು. ಊಟದ ಹೊತ್ತು, ಕ್ಯಾಂಟೀನ್ ಕೆಳಗೇ ಇತ್ತು. ಅದರಲ್ಲಿ ಸೈನೈಡ್ ಇರಲಿಲ್ಲ, ಬರೀ ಕೆಸರು. ಹಳೆ ಕೆಸರಿನ ಮೇಲೇ ಹೊಸ ಏರಿ ಕಟ್ಟುತ್ತಾ ಒಳಮುಖವಾಗಿ ಏರಿಸಿದ್ದರು. ಅಗ್ಗ, ಆದರೆ ತಳ ಒಣಗಿರುವುದಿಲ್ಲ.

ನಮ್ಮ ಕಡೆ ಅದಿರು ತೊಳೆಯುವ ಘಟಕಗಳ ಕೆಸರು ಹಿಟ್ಟಿಗಿಂತ ನುಣುಪು, ತಿಂಗಳು ಬಿಟ್ಟರೂ ನೀರು ಬಿಡುವುದಿಲ್ಲ. ಅದಕ್ಕೇ ಈಗ ಥಿಕನರ್ (ಕೆಸರು ತಳಕ್ಕೆ ಕೂರಿಸಿ ಗಟ್ಟಿ ಮಾಡುವ ತೊಟ್ಟಿ) ಆದ ಮೇಲೆ ಫಿಲ್ಟರ್ ಪ್ರೆಸ್ ಹಾಕಿ ಹಿಂಡುತ್ತಾರೆ. ರೊಟ್ಟಿ ಥರ ಗಟ್ಟಿ ಕೇಕ್ ಬರುತ್ತದೆ, ನೀರು ವಾಪಸ್ ಘಟಕಕ್ಕೆ. ಕೆರೆಯಂಥ ಹೊಂಡ ಬೇಕಾಗುವುದಿಲ್ಲ. ನೀರಿಗೆ ಬಡಿದಾಡುವ ಬಳ್ಳಾರಿಯಲ್ಲಿ ಇದನ್ನು ಯಾಕೆ ಕಡ್ಡಾಯ ಮಾಡಬಾರದು ಅನ್ನುವುದು ನನ್ನ ಪ್ರಶ್ನೆ.

ಕುಡಿತಿನಿ ಎಕ್ಸ್‌ಪ್ರೆಸ್
ಟಿಬಿ (ತುಂಗಭದ್ರಾ) ಡ್ಯಾಂ ತುಂಬಿರುವ ಹೂಳೂ ಈ ಗಣಿ ಕೆಸರೇ ಅಲ್ವಾ? 133 ಟಿಎಂಸಿ ಇದ್ದದ್ದು ಈಗ 105ರ ಆಸುಪಾಸು.

ಸಂಡೂರು ಸುತ್ತಾಟ
ಎಲ್ಲರೂ ಹೀಗೇ ಹೇಳುತ್ತಾರೆ, ನಕಾಶೆ ನೋಡುವುದಿಲ್ಲ. ಸಂಡೂರು ಕಣಿವೆಯ ನೀರು ಬಹುಪಾಲು ನಾರಿಹಳ್ಳ ಹಿಡಿದು ದರೋಜಿ ಕೆರೆ ಕಡೆ ಹೋಗುತ್ತದೆ, ಅದು ಡ್ಯಾಂನ ಕೆಳಗೆ. ಡ್ಯಾಂ ಹೂಳು ಬರುವುದು ಮಲೆನಾಡಿನಿಂದ ಹಿಡಿದು ಮೇಲಿನ ಇಡೀ ಜಲಾನಯನದಿಂದ. ಗಣಿಗೆ ಬೈಯಬೇಕಾದರೆ ನಾರಿಹಳ್ಳದ ಹೂಳಿಗೆ ಬೈಯಿರಿ, ನಾನೂ ಸೇರುತ್ತೇನೆ.

ಬೆಂಗಳೂರಲ್ಲಿ ಬಳ್ಳಾರಿ
ಕುದುರೆಮುಖದ ಕಬ್ಬಿಣದ ಗಣಿ ಮರೆತಿರಾ? ಭದ್ರಾ ದಂಡೆಯಲ್ಲೇ ಇತ್ತು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ನಿಂತಿತು.

ಸಂಡೂರು ಸುತ್ತಾಟ
ಅದರ ಕೆಸರನ್ನು ಲಕ್ಯಾ ಅಣೆಕಟ್ಟೆ ಹಿಂದೆ ನಿಲ್ಲಿಸಿದ್ದಾರೆ, ಇವತ್ತಿಗೂ ಅಲ್ಲೇ ಇದೆ. ಗಣಿ ನಿಂತರೂ ಕಟ್ಟೆ ಕಾಯುವ ಕೆಲಸ ನಿಲ್ಲುವುದಿಲ್ಲ.

ಆರ್‌ಟಿಐ ಕಾಕಾ
ಈಗ ಒಂದು ತಮಾಷೆ ಕೇಳಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮ ಇದೆಯಲ್ಲ, ಅದರ ಮೊದಲ ಅನುಸೂಚಿಯಲ್ಲಿ ಒಂದು ಟಿಪ್ಪಣಿ ಇದೆ. ಹಾರುಬೂದಿ, ರೆಡ್ ಮಡ್ (ಅಲ್ಯೂಮಿನಿಯಂ ಅದಿರಿನ ಕೆಂಪು ಕೆಸರು), ಸ್ಲ್ಯಾಗ್, ಗಣಿಯ ಟೇಲಿಂಗ್ಸ್, ಅದಿರು ತೊಳೆದ ಉಳಿಕೆ, ಇವೆಲ್ಲ "ಪ್ರಮಾಣ ಜಾಸ್ತಿ, ಪರಿಣಾಮ ಕಮ್ಮಿ" ಅನ್ನುವ ಗುಂಪು. ಅಪಾಯಕಾರಿ ಪಟ್ಟಿಯಿಂದ ಹೊರಗೆ. ಇವಕ್ಕೆ ಬೇರೆ ಮಾರ್ಗಸೂಚಿ ಅಂತ ಹೇಳಿದ್ದಾರೆ. ನೀವು ಇಲ್ಲಿ ಹೆದರಿ ಬರೆಯುತ್ತಿರುವ ಗುಡ್ಡಗಳು ಕಾಗದದ ಮೇಲೆ ಅಪಾಯಕಾರಿ ಅಲ್ಲವೇ ಅಲ್ಲ!

ಲಿಂಗಸುಗೂರು ಲಾರಿ
ಇದೇನು ನ್ಯಾಯ ಕಾಕಾ?

ಶಿಫ್ಟ್ ಇಂಜಿನಿಯರ್
ನ್ಯಾಯ ಇದೆ. ಕೋಟಿಗಟ್ಟಲೆ ಟನ್ ಕಲ್ಲುಪುಡಿಯನ್ನು ಆ ಪಟ್ಟಿಗೆ ಹಾಕಿದರೆ ಎಲ್ಲಿ ಹೂಳುತ್ತೀರಿ? ಅಪಾಯಕಾರಿ ಮಾಲು ಹೂಳುವ ಸುಭದ್ರ ಜಾಗ ದಾಬಸ್‌ಪೇಟೆ ಕಡೆ ಇದೆ. ಕೊಪ್ಪಳದಿಂದ ಮುನ್ನೂರು ಕಿಲೋಮೀಟರ್ ಮೇಲೆ. ಅದು ಒಂದೇ ವಾರಕ್ಕೆ ತುಂಬಿ ಹೋಗುತ್ತದೆ.

ನನ್ನ ಅನುಭವದಲ್ಲಿ ನಿಜವಾಗಿ ಹೆದರಬೇಕಾದ್ದು ದೊಡ್ಡ ಗುಡ್ಡಕ್ಕಲ್ಲ, ಸಣ್ಣ ಡ್ರಮ್‌ಗೆ. ಕಲ್ಲಿದ್ದಲಿನಿಂದ ಗ್ಯಾಸ್ ಮಾಡುವ ಗ್ಯಾಸಿಫೈಯರ್ ಇರುವ ಕಡೆ ಬರುವ ಕಲ್ಲಿದ್ದಲು ಟಾರ್ (ಡಾಂಬರಿನಂಥ ಜಿಗುಟು), ಅದರ ಜೊತೆ ಬರುವ ಫಿನಾಲ್ ನೀರು. ಯಂತ್ರಕ್ಕೆ ಬಳಸಿ ತೆಗೆದ ಎಣ್ಣೆ. ಕೊಳಚೆ ನೀರು ಶುದ್ಧ ಮಾಡುವ ಘಟಕದ (ಇಟಿಪಿ) ಕೆಸರು. ಕೆಮಿಕಲ್ ಖಾಲಿ ಆದ ಬ್ಯಾರಲ್. ಇವು ಪಟ್ಟಿಯಲ್ಲೇ ಇವೆ. ಟ್ಯಾಂಕರ್‌ನಲ್ಲಿ ಹೋಗುವಷ್ಟೇ ಇರುತ್ತವೆ, ಹಾಗಾಗಿ ರಾತ್ರಿ ಹಳ್ಳಕ್ಕೆ ಬಿಡುವುದೂ ಸುಲಭ.

ಹಟ್ಟಿ ಮಂದಿ
ಬ್ಯಾರಲ್ ಮಾತು ತೆಗೆದಿರಿ, ಒಳ್ಳೆಯದಾಯಿತು. ನಮ್ಮ ಕಡೆ ಸಂತೆಯಲ್ಲಿ ನೀಲಿ ಡ್ರಮ್, ಕಬ್ಬಿಣದ ಡ್ರಮ್ ಮಾರಾಟ ಆಗುತ್ತವೆ. ಎಲ್ಲಿಂದ ಬಂದದ್ದು ಅಂತ ಯಾರೂ ಕೇಳುವುದಿಲ್ಲ. ಜನ ತಂದು ಕುಡಿಯುವ ನೀರು ತುಂಬುತ್ತಾರೆ, ಜೋಳ ತುಂಬುತ್ತಾರೆ. ನಾನು ನಮ್ಮ ಓಣಿಯಲ್ಲಿ ಹೇಳಿ ಹೇಳಿ ಸಾಕಾಯಿತು. "ಅಕ್ಕಾ, ಸೋಪ್ ಹಾಕಿ ತೊಳೆದೀವಿ" ಅನ್ನುತ್ತಾರೆ.

ಕೆಮಿಸ್ಟ್ರಿ ಮೇಡಂ, ರಾಯಚೂರು
ಪ್ಲಾಸ್ಟಿಕ್ ಗೋಡೆ ಕೆಮಿಕಲ್ ಹೀರಿಕೊಂಡಿರುತ್ತದೆ ಅಕ್ಕಾ, ಸೋಪಿಗೆ ಹೋಗುವುದಿಲ್ಲ. ಆ ಡ್ರಮ್ ಪರವಾನಗಿ ಇದ್ದ ಘಟಕಕ್ಕೇ ಹೋಗಬೇಕು, ಸಂತೆಗೆ ಬರಲೇಬಾರದು.

ಫಿನಾಲ್ ಬಗ್ಗೆ ಒಂದು ಸುಳಿವು: ಬೋರ್ ನೀರಿಗೆ ಬ್ಲೀಚಿಂಗ್ ಹಾಕಿದ ಕೂಡಲೇ ಆಸ್ಪತ್ರೆ ಔಷಧಿಯಂಥ ಘಾಟು ವಾಸನೆ ಎದ್ದರೆ ಫಿನಾಲ್ ಇದೆ ಅಂತ ಅನುಮಾನ ಪಡಬೇಕು. ತುಂಬ ಕಮ್ಮಿ ಇದ್ದರೂ ವಾಸನೆ ಗೊತ್ತಾಗುತ್ತದೆ. ಆ ನೀರು ಬಿಟ್ಟು ಟೆಸ್ಟ್‌ಗೆ ಕಳಿಸಿ.

ಮಿರ್ಚಿ ಒಗ್ಗರಣೆ
ಕೊಪ್ಪಳದ ನೀರಲ್ಲಿ ಫ್ಲೋರೈಡ್ ಇರುವುದಕ್ಕೂ ಇದೇ ಕಾರಣ ಇರಬೇಕು. ನಮ್ಮ ಅಜ್ಜಿಯ ಊರಲ್ಲಿ ಎಲ್ಲರ ಹಲ್ಲೂ ಕಂದು.

ಕೆಮಿಸ್ಟ್ರಿ ಮೇಡಂ, ರಾಯಚೂರು
ಇಲ್ಲ, ಅದು ನಮ್ಮ ಗ್ರಾನೈಟ್ ಬಂಡೆಯ ಕೊಡುಗೆ. ಕಾರ್ಖಾನೆ ಬರುವ ಮುಂಚೆಯೂ ಇತ್ತು. ಎಲ್ಲದಕ್ಕೂ ಕಾರ್ಖಾನೆಗೆ ಬೈದರೆ ನಿಜವಾದ ದೂರಿಗೂ ಬೆಲೆ ಇರುವುದಿಲ್ಲ.

ಗಿಣಿಗೇರಿ ಕ್ರಾಸ್
ಅಲ್ರೀ ಮೇಡಂ, ಬೈಯಲೂ ಲೈಸೆನ್ಸ್ ಬೇಕಾ ಈಗ 😄

ಲಿಂಗಸುಗೂರು ಲಾರಿ
ಬಳ್ಳಾರಿಯವರು ಜೀನ್ಸ್ ವಾಷಿಂಗ್ ನೀರಿನ ಬಗ್ಗೆ ಯಾಕೆ ಸುಮ್ಮನಿದ್ದಾರೆ? ಚರಂಡಿ ನೀಲಿ ಹರಿಯುತ್ತದೆ.

ಅಡ್ಮಿನ್
ಜೀನ್ಸ್‌ಗೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು.

ಕುಡಿತಿನಿ ಎಕ್ಸ್‌ಪ್ರೆಸ್
ಆ ಟಾರ್, ಡ್ರಮ್ ಕಾನೂನು ಪ್ರಕಾರ ಎಲ್ಲಿಗೆ ಹೋಗಬೇಕು? ಯಾರಾದರೂ ಹೇಳಿ.

ಶಿಫ್ಟ್ ಇಂಜಿನಿಯರ್
ಟಾರ್‌ಗೆ ಒಳ್ಳೆಯ ದಾರಿ ಸಿಮೆಂಟ್ ಕಿಲ್ನ್. ಕಲಬುರಗಿಯ ಸೇಡಂ, ವಾಡಿ ಕಡೆ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್‌ಗೆ ಅರೆಯುವ ಗಟ್ಟಿ ಹರಳು, ಅಂದರೆ ಕ್ಲಿಂಕರ್ 1450 ಡಿಗ್ರಿಯಲ್ಲಿ ಬೇಯುತ್ತದೆ, ಟಾರ್ ಪೂರ್ತಿ ಉರಿದು ಹೋಗುತ್ತದೆ, ಬೂದಿ ಸಿಮೆಂಟ್‌ನಲ್ಲೇ ಸೇರುತ್ತದೆ. ಹೂಳುವುದಕ್ಕಿಂತ ಇದು ಎಷ್ಟೋ ಮೇಲು. ಮಂಡಳಿಯ ಅನುಮತಿ ಬೇಕು.

ಇನ್ನೂ ಮೇಲು ಅಂದರೆ ಹುಟ್ಟಿಸದಿರುವುದು. ಗ್ಯಾಸಿಫೈಯರ್ ಬದಲು ಫರ್ನೇಸಿನ ಗ್ಯಾಸ್ ಬಳಸಿದರೆ ಟಾರ್ ಬರುವುದೇ ಇಲ್ಲ. ಬ್ಯಾಗ್ ಫಿಲ್ಟರ್ (ಬಟ್ಟೆ ಚೀಲದ ಸೋಸುಕ) ಹಿಡಿದ ಧೂಳನ್ನು ಪೆಲೆಟ್‌ಗೆ, ಅಂದರೆ ಅದಿರಿನ ಉಂಡೆಗೆ ಸೇರಿಸಿದರೆ ಅದರಲ್ಲಿರುವ ಕಬ್ಬಿಣ ವಾಪಸ್ ಸಿಗುತ್ತದೆ. ಸತು, ಸೀಸ ಜಾಸ್ತಿ ಇರುವ ಸ್ಕ್ರ್ಯಾಪ್ ಕರಗಿಸುವ ಫರ್ನೇಸ್ ಧೂಳನ್ನು ಮಾತ್ರ ಹಾಗೆ ತಿರುಗಿಸಬಾರದು, ಅದನ್ನು ಸತು ತೆಗೆಯುವವರಿಗೆ ಕೊಡಬೇಕು. ನಾವು ಮ್ಯಾನೇಜ್‌ಮೆಂಟ್‌ಗೆ ಪರಿಸರ ಅಂತ ಹೇಳಿದರೆ ಫೈಲ್ ಕೆಳಗೆ ಹೋಗುತ್ತದೆ. ಟನ್‌ಗೆ ಇಷ್ಟು ಅದಿರು ಉಳಿಯುತ್ತದೆ ಅಂದರೆ ಮರುದಿನ ಮೀಟಿಂಗ್.

ಹಟ್ಟಿ ಮಂದಿ
ಚಿನ್ನದಲ್ಲೂ ಹಾಗೇ. ದಪ್ಪ ಕಣದ ಚಿನ್ನವನ್ನು ಮೊದಲು ತೂಕದ ಮೇಲೆ ಬೇರ್ಪಡಿಸಿಕೊಂಡರೆ ಸೈನೈಡ್ ಕಮ್ಮಿ ಸಾಕು. ಕೆಸರು ನೀರನ್ನು ವಾಪಸ್ ಮಿಲ್‌ಗೆ ತಂದರೆ ಅದರಲ್ಲಿರುವ ಸೈನೈಡ್ ಮತ್ತೆ ಕೆಲಸಕ್ಕೆ ಬರುತ್ತದೆ. ಟೇಲಿಂಗ್ಸ್‌ನ ದಪ್ಪ ಮರಳನ್ನು ಗಣಿಯೊಳಗೆ ಖಾಲಿ ಆದ ಜಾಗಕ್ಕೆ ತುಂಬಿದರೆ ಮೇಲಿನ ಗುಡ್ಡವೂ ಕಮ್ಮಿ, ಒಳಗಿನ ಚಾವಣಿಗೂ ಆಸರೆ.

ಬೆಂಗಳೂರಲ್ಲಿ ಬಳ್ಳಾರಿ
ಕೆಜಿಎಫ್‌ನಲ್ಲಿ ಇದನ್ನು ಮಾಡಿದ್ದರೆ ಈಗ 13 ದಿಬ್ಬ ಇರುತ್ತಿರಲಿಲ್ಲ. ಗಣಿ ಮುಚ್ಚಿದ್ದು 2001ರಲ್ಲಿ, ಧೂಳು ಇನ್ನೂ ಮನೆಯೊಳಗೆ ಬರುತ್ತಿದೆ. ಈಗ ಅದರಲ್ಲಿ ಉಳಿದ ಚಿನ್ನ ತೆಗೆಯುತ್ತಾರಂತೆ. 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು.

ಹಟ್ಟಿ ಮಂದಿ
ತೆಗೆಯಲಿ. ತೆಗೆದ ಮೇಲೆ ಆ ಕೆಸರು ಎಲ್ಲಿಗೆ ಹಾಕುತ್ತೀರಿ ಅಂತ ಮೊದಲೇ ಕೇಳಿ ಬರೆಸಿಕೊಳ್ಳಬೇಕು.

ಆರ್‌ಟಿಐ ಕಾಕಾ
ಕುಡಿತಿನಿಯವರಿಗೆ ಕಾಗದದ ದಾರಿ ಹೇಳುತ್ತೇನೆ. ಅಪಾಯಕಾರಿ ಮಾಲು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಕಾರ್ಖಾನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೊರಗೆ ಹೋಗುವ ಪ್ರತಿ ಲೋಡಿಗೆ ಫಾರಂ 10 ಅನ್ನುವ ಮ್ಯಾನಿಫೆಸ್ಟ್. ಏಳು ಪ್ರತಿ, ಬಣ್ಣ ಬಣ್ಣದ್ದು. ಬಿಳಿ ಮಂಡಳಿಗೆ, ಹಳದಿ ಕಳಿಸಿದವರಲ್ಲಿ, ಗುಲಾಬಿ ಪಡೆದವರಲ್ಲಿ, ಕಿತ್ತಳೆ ಲಾರಿಯವನಲ್ಲಿ, ಹಸಿರು ಪಡೆದವರಿಂದ ಮಂಡಳಿಗೆ, ನೀಲಿ ವಾಪಸ್ ಕಳಿಸಿದವರಿಗೆ, ಬೂದು ಬೇರೆ ರಾಜ್ಯಕ್ಕೆ ಹೋದರೆ. ಬಿಳಿ ಇದ್ದು ಹಸಿರು ಬಂದಿಲ್ಲ ಅಂದರೆ ಲೋಡು ದಾರಿಯಲ್ಲಿ ಎಲ್ಲೋ ಇಳಿದಿದೆ. ಆರ್‌ಟಿಐನಲ್ಲಿ ಈ ಎರಡೇ ಕೇಳಿ, ಹೋಲಿಸಿ.

ಇನ್ನೊಂದು. 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ಇಂಥ ಕಾರ್ಖಾನೆಯ ಮುಖ್ಯ ಗೇಟಿನ ಹೊರಗೆ ಬೋರ್ಡ್ ಇರಬೇಕು. ಒಳಗೆ ಯಾವ ರಾಸಾಯನಿಕ ಎಷ್ಟಿದೆ, ಯಾವ ತ್ಯಾಜ್ಯ ಎಷ್ಟು ಬರುತ್ತದೆ ಅಂತ ಬರೆದಿರಬೇಕು. ನಿಮ್ಮೂರಿನ ಗೇಟಿಗೆ ಹೋಗಿ ನೋಡಿ. ಕೆಲವು ಕಡೆ ಬೋರ್ಡ್ ಇದೆ, ಅಂಕಿ ಇಲ್ಲ. ಕೆಲವು ಕಡೆ ಅಂಕಿ ಇದೆ, ಯಾವ ವರ್ಷದ್ದೋ.

ಮಸಾರಿ ಹೊಲ
ಎಲ್ಲರಿಗೂ ಥ್ಯಾಂಕ್ಸ್. ಗುತ್ತಿಗೆದಾರನಿಗೆ ಬೇಡ ಅಂದೆ. ಲಾಗ್‌ಬುಕ್‌ನಲ್ಲಿ ನಮ್ಮ ಸರ್ವೆ ನಂಬರ್ ಬರೆಯುತ್ತೀರಾ ಅಂತ ಕೇಳಿದೆ ಅಷ್ಟೇ, ಮಾತು ಬದಲಿಸಿ ಹೊರಟ. ಆದರೆ ಅಪ್ಪ ಮುನಿಸಿಕೊಂಡಿದ್ದಾರೆ. "ತಗ್ಗು ತುಂಬಿಸೋದು ಹೆಂಗೆ, ನಿನ್ನ ಮೊಬೈಲ್‌ನಿಂದಾ?" ಅನ್ನುತ್ತಿದ್ದಾರೆ. ಅದಕ್ಕೂ ಏನಾದರೂ ಹೇಳಿ.

ಸಂಡೂರು ಸುತ್ತಾಟ
ಬೇಸಿಗೆಯಲ್ಲಿ ಕೆರೆ ಹೂಳು ಎತ್ತುವಾಗ ಪಂಚಾಯಿತಿಯಲ್ಲಿ ಕೇಳಿ. ಟ್ರ್ಯಾಕ್ಟರ್ ಖರ್ಚು ಮಾತ್ರ ನಿಮ್ಮದು.

ಗಿಣಿಗೇರಿ ಕ್ರಾಸ್
ತುಂಬಿಸುವುದು ಯಾಕೆ? ನೀರು ತಾನಾಗೇ ಬಂದು ನಿಲ್ಲುತ್ತದೆ ಅಂದರೆ ಅದು ಕೃಷಿ ಹೊಂಡದ ಜಾಗ. ಬದಿ ಸರಿ ಮಾಡಿ ತಾಡಪಾಲು ಹಾಸಿ. ಕೃಷಿ ಭಾಗ್ಯದಲ್ಲಿ ಸಹಾಯಧನ ಕೇಳಿ. ಮೆಣಸಿನಕಾಯಿಗೆ ಎರಡು ನೀರು ಅಲ್ಲಿಂದಲೇ ಆಗುತ್ತದೆ.

ಮಿರ್ಚಿ ಒಗ್ಗರಣೆ
ಆ ಹೊಂಡದ ಮೇಲೂ ರಾತ್ರಿ ಧೂಳು ಬೀಳುತ್ತದಲ್ಲ?

ಗಿಣಿಗೇರಿ ಕ್ರಾಸ್
ಬೀಳುತ್ತದೆ. ನಮ್ಮ ತಟ್ಟೆಗೂ ಬೀಳುತ್ತದೆ. ಅದಕ್ಕೇ ಕಾಕಾ ಹೇಳಿದ ಮೀಟರ್ ಲೆಕ್ಕ ಕೇಳಿ ಅರ್ಜಿ ಬರೆಯುತ್ತಿದ್ದೇನೆ. ಕಾಕಾ, ಅರ್ಜಿ ಕೊಪ್ಪಳದ ಪ್ರಾದೇಶಿಕ ಕಚೇರಿಗೇ ಹಾಕಬೇಕಾ?

ಆರ್‌ಟಿಐ ಕಾಕಾ
ಹೌದು, ಅಲ್ಲಿನ ಮಾಹಿತಿ ಅಧಿಕಾರಿಗೇ. 10 ರೂಪಾಯಿ ಪೋಸ್ಟಲ್ ಆರ್ಡರ್. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಕರ್ನಾಟಕದ ನಿಯಮ ಅದು, ದಾಟಿದರೆ ವಾಪಸ್ ಕಳಿಸುತ್ತಾರೆ. ಬೈಗುಳ ಬರೆಯಬೇಡ.

ಕುಡಿತಿನಿ ಎಕ್ಸ್‌ಪ್ರೆಸ್
ಈಗಾಗಲೇ ಹಾಕಿಸಿದವರು ಏನು ಮಾಡಬೇಕು? ನಮ್ಮ ಮಾವನ ಹೊಲದಲ್ಲಿ ಹೋದ ವರ್ಷ ತುಂಬಿಸಿದ್ದಾರೆ. ಮೇಲಿನ ಮಣ್ಣು ಅಲ್ಲಲ್ಲಿ ಬಿಸಿ ಇರುತ್ತದೆ ಅಂತ ಅತ್ತೆ ಹೇಳುತ್ತಿದ್ದರು.

ಶಿಫ್ಟ್ ಇಂಜಿನಿಯರ್
ಬಿಸಿ ಇದ್ದರೆ ಒಳಗೆ ಉರಿಯುತ್ತಿದೆ. ಮೇಲಿಂದ ಸ್ವಲ್ಪ ಸ್ವಲ್ಪ ನೀರು ಹಾಕಬೇಡಿ, ಇನ್ನೂ ಕಾಯುತ್ತದೆ. ಮಕ್ಕಳು, ದನ ಆ ಕಡೆ ಹೋಗದಂತೆ ಮುಳ್ಳು ಹಚ್ಚಿ. ಟಿಪ್ಪರ್‌ನವನ ಫೋನ್ ನಂಬರ್, ಬಿಲ್ ಏನಾದರೂ ಇದ್ದರೆ ಎತ್ತಿಡಿ. ಮಂಡಳಿಗೆ ಬರೆದು ಕೊಡಿ, ತೆಗೆಸುವ ಖರ್ಚು ಹಾಕಿದವರದ್ದು. ಪಕ್ಕದಲ್ಲಿ ಬೋರ್ ಇದೆಯಾ?

ಕುಡಿತಿನಿ ಎಕ್ಸ್‌ಪ್ರೆಸ್
ಇದೆ. ಕುಡಿಯಲು ಅದೇ ನೀರು.

ಕೆಮಿಸ್ಟ್ರಿ ಮೇಡಂ, ರಾಯಚೂರು
ವರದಿ ಬರುವವರೆಗೆ ಕುಡಿಯುವುದು ನಿಲ್ಲಿಸಿ, ಹೊಲಕ್ಕೆ ಮಾತ್ರ ಬಳಸಿ. ಹೊಸ ಬಾಟಲಿಯಲ್ಲಿ, ಪಂಪ್ ಹತ್ತು ನಿಮಿಷ ಓಡಿಸಿದ ಮೇಲೆ ಹಿಡಿಯಿರಿ. ಪಿಎಚ್, ಟಿಡಿಎಸ್, ಸಲ್ಫೇಟ್, ಕಬ್ಬಿಣ, ಮ್ಯಾಂಗನೀಸ್, ಸೀಸ, ಆರ್ಸೆನಿಕ್ ಕೇಳಿ. ಲೋಹಕ್ಕೆ ಹಿಡಿಯುವ ಬಾಟಲಿಗೆ ಲ್ಯಾಬ್‌ನವರೇ ಆಮ್ಲದ ಹನಿ ಹಾಕಿ ಕೊಡುತ್ತಾರೆ, ಅದನ್ನು ಚೆಲ್ಲಬೇಡಿ. ವರದಿ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.